ಆಗದೇ ಹೋದ ಅನಾಹುತಕ್ಕೆ ಬೆಲೆ ಎಷ್ಟು?

ಇವತ್ತು ಒಂದು ಲೆಕ್ಕದ ಚರಿತ್ರೆ.

ಆಸ್ಪತ್ರೆ ಫಾರ್ಮಸಿ ಅಂದ್ರೆ ನಮಗೆ ನೆನಪಾಗೋದು ಕೌಂಟರ್, ಚೀಟಿ, ಬಿಲ್. ಆದರೆ ವಾರ್ಡಿಗೇ ಹೋಗಿ, ಕೇಸ್ ಶೀಟ್ ನೋಡಿ, "ಡಾಕ್ಟ್ರೇ, ಇವರ ಕಿಡ್ನಿಗೆ ಈ ಡೋಸ್ ಜಾಸ್ತಿ ಆಯ್ತು" ಅನ್ನೋ ಫಾರ್ಮಸಿಸ್ಟ್ ಕೂಡ ಇರ್ತಾರೆ. ಅವರೇ ಕ್ಲಿನಿಕಲ್ ಫಾರ್ಮಸಿಸ್ಟ್. ಅವರು ಏನನ್ನೂ ಮಾರಲ್ಲ. ಹಾಗಾದ್ರೆ ಅವರ ಸಂಬಳಕ್ಕೆ ಆಸ್ಪತ್ರೆ ಯಾಕೆ ದುಡ್ಡು ಹಾಕಬೇಕು?

1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆ ತನ್ನ ಒಂಬತ್ತನೇ ಮಹಡಿಯ ವಾರ್ಡಿಗೆ ಫಾರ್ಮಸಿಸ್ಟ್‌ಗಳನ್ನು ಕಳಿಸಿತು. ಕ್ಲಿನಿಕಲ್ ಫಾರ್ಮಸಿಯ ಆರಂಭ ಅಂತ ಈ ಪ್ರಯೋಗವನ್ನೇ ಹೇಳ್ತಾರೆ. ಆಗ ಆಸ್ಪತ್ರೆಗಳು ಆದ ಖರ್ಚನ್ನು ವಸೂಲು ಮಾಡಿಕೊಳ್ಳುತ್ತಿದ್ದವು. ಔಷಧಿ ಹೆಚ್ಚಾದಷ್ಟೂ ಬಿಲ್ ಹೆಚ್ಚು.

1983ರಲ್ಲಿ ಆಟ ಬದಲಾಯ್ತು. ಅಮೆರಿಕದಲ್ಲಿ ವೃದ್ಧರಿಗಿರುವ ಸರ್ಕಾರಿ ವಿಮೆ ಮೆಡಿಕೇರ್, ಇಂಥ ಕಾಯಿಲೆಗೆ ಇಷ್ಟೇ ಹಣ ಅಂತ ಮೊದಲೇ ನಿಗದಿ ಮಾಡಿತು. ಲಾಭ ತರುತ್ತಿದ್ದ ಫಾರ್ಮಸಿ ಈಗ ಖರ್ಚಿನ ಬಾಬ್ತು. ತಪ್ಪು ಔಷಧಿಯಿಂದ ರೋಗಿ ಎರಡು ದಿನ ಹೆಚ್ಚು ಮಲಗಿದರೆ ನಷ್ಟ ಆಸ್ಪತ್ರೆಯದ್ದೇ.

ಆದರೆ ತಪ್ಪಿಸಿದ ನಷ್ಟ ಯಾವ ಲೆಜರ್‌ನಲ್ಲೂ ಕಾಣಲ್ಲ. ಅದಕ್ಕೆ ಮೊತ್ತ ಸಿಕ್ಕಿದ್ದು 1997ರಲ್ಲಿ. ಬಾಸ್ಟನ್‌ನ ಎರಡು ಆಸ್ಪತ್ರೆಗಳಲ್ಲಿ ಡೇವಿಡ್ ಬೇಟ್ಸ್ ತಂಡ ಲೆಕ್ಕ ಹಾಕಿತು: ತಪ್ಪಿಸಬಹುದಾಗಿದ್ದ ಒಂದೊಂದು ಔಷಧಿ ಅನಾಹುತಕ್ಕೂ ಸುಮಾರು 4,685 ಡಾಲರ್ ಹೆಚ್ಚುವರಿ ಖರ್ಚು. 1999ರಲ್ಲಿ ಲೂಸಿಯನ್ ಲೀಪ್ ತಂಡ ಉತ್ತರವನ್ನೂ ಕೊಟ್ಟಿತು. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಐಸಿಯು ರೌಂಡ್ಸ್‌ಗೆ ಫಾರ್ಮಸಿಸ್ಟ್ ಬಂದ ಮೇಲೆ, ಔಷಧಿ ಬರೆಯುವಾಗಿನ ತಪ್ಪುಗಳಿಂದಾಗುವ ಹಾನಿ ಶೇ. 66ರಷ್ಟು ಇಳಿಯಿತು. ಆ ಒಂದು ಐಸಿಯುನಲ್ಲೇ ವರ್ಷಕ್ಕೆ ಅಂದಾಜು 2.7 ಲಕ್ಷ ಡಾಲರ್ ಉಳಿತಾಯ.

ನಮ್ಮಲ್ಲಿ? ಈ ವಿದ್ಯೆ ಕಲಿಸುವುದರಲ್ಲಿ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು ದೇಶದಲ್ಲೇ ಮೊದಲಿಗರ ಸಾಲಿನಲ್ಲಿದೆ. 2008ರಲ್ಲಿ ಫಾರ್ಮ್.ಡಿ. ಕೋರ್ಸೂ ಬಂತು. ಕಲಿತವರಿದ್ದಾರೆ, ಲೆಕ್ಕ ಮಾತ್ರ ಕೂಡ್ತಿಲ್ಲ. ಯಾಕಂದ್ರೆ ರೋಗಿ ಜೇಬಿಂದ ಕೊಡುವ ಕಡೆ, ಹೆಚ್ಚುವರಿ ಎರಡು ದಿನದ ಬಿಲ್ಲೂ ರೋಗಿಗೇ ಹೋಗುತ್ತೆ. ಉಳಿತಾಯ ಆದರೆ ಅದು ಮನೆಯವರಿಗೆ, ಆಸ್ಪತ್ರೆಗಲ್ಲ.

ಆದರೆ 2018ರಿಂದ ಇರುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆಗೆ ಪ್ಯಾಕೇಜ್ ದರ. ಅಂದ್ರೆ 1983ರ ಅದೇ ತರ್ಕ. ವಾರ್ಡಿಗೆ ಫಾರ್ಮಸಿಸ್ಟ್ ಬೇಕು ಅಂತ ಆಡಳಿತ ಮಂಡಳಿ ಮುಂದೆ ವಾದ ಮಂಡಿಸೋರು ಶುರು ಮಾಡಬೇಕಾದ್ದು ಇಲ್ಲಿಂದ: "ಈ ಹಾಸಿಗೆಯ ನಷ್ಟ ಯಾರ ತಲೆ ಮೇಲೆ?"