ಪಾರ್ಶ್ವವಾಯುವಿನ ಮದ್ದೂ ಮಲೆನಾಡಿನ ದಾರಿಯೂ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಚರಿತ್ರೆಯನ್ನು ಕೆಳದಿಯ ಅರಸರಿಂದ ಆರಂಭಿಸುವುದು ವಾಡಿಕೆ. ಕೆಳದಿ, ಇಕ್ಕೇರಿಗಳು ಸಾಗರದಲ್ಲಿಯೂ ಬಿದನೂರು ಹೊಸನಗರದಲ್ಲಿಯೂ ಕವಲೇದುರ್ಗ ತೀರ್ಥಹಳ್ಳಿಯಲ್ಲಿಯೂ ಇವೆ. 1637ರಲ್ಲಿ ಬಿಜಾಪುರದ ಸೈನ್ಯವು ಇಕ್ಕೇರಿಯನ್ನು ಸೂರೆಗೊಂಡ ಮೇಲೆ ಅರಸರು ಬಿದನೂರಿನ ಕಾಡನ್ನು ಆಶ್ರಯಿಸಿದರು. ದಾರಿಯ ದುರ್ಗಮತೆಯೇ ಅವರಿಗೆ ಕೋಟೆಯಾಯಿತು. ಅದೇ ದುರ್ಗಮತೆ ರೋಗಿಯ ಪಾಲಿಗೆ ಏನಾಯಿತೆಂದು ಇತಿಹಾಸದ ಅಧ್ಯಾಪಕರಾದ ನಾವು ಕೇಳಿದ್ದು ಕಡಿಮೆ. ಪಾರ್ಶ್ವವಾಯುವಿಗೆ ಈಚೆಗೆ ಬಂದ ಔಷಧಗಳು ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿವೆ.

ಹಿಂದೆ ಈ ಪ್ರಶ್ನೆ ಏಳಲು ಕಾರಣವೇ ಇರಲಿಲ್ಲ. ಶುದ್ಧ ವಾತದಿಂದಾದ ಪಕ್ಷಾಘಾತವನ್ನು ಸುಶ್ರುತನು ಅತ್ಯಂತ ಕಷ್ಟಸಾಧ್ಯವೆಂದು ಎಣಿಸಿದನು. ಜನರು ಲಕ್ವವೆನ್ನುವ ಈ ರೋಗಕ್ಕೆ ತೈಲಾಭ್ಯಂಗ, ಕಷಾಯಗಳೇ ಚಿಕಿತ್ಸೆಯಾಗಿದ್ದುವು. ಇಂದು ಹಚ್ಚಿದರೂ ನಾಳೆ ಹಚ್ಚಿದರೂ ಎಣ್ಣೆ ಎಣ್ಣೆಯೇ. ವೈದ್ಯನ ಮನೆ ಎರಡು ಹರದಾರಿ ದೂರವಿದ್ದರೆ ಹಾನಿಯಿರಲಿಲ್ಲ.

ರಕ್ತದ ಹೆಪ್ಪು ಮಿದುಳಿನ ನಾಳವನ್ನು ಮುಚ್ಚುವುದರಿಂದಲೇ ಈ ರೋಗ ಬಹುಮಟ್ಟಿಗೆ ಬರುತ್ತದೆ. ಹೆಪ್ಪನ್ನು ಕರಗಿಸುವ ವಸ್ತುವೊಂದು ರೋಗಾಣುಗಳಲ್ಲಿ ಇರುವುದನ್ನು 1933ರಲ್ಲಿ ಅಮೆರಿಕದ ಟಿಲೆಟ್ ಮತ್ತು ಗಾರ್ನರ್ ತೋರಿಸಿದರು. ಅದೇ ಸ್ಟ್ರೆಪ್ಟೊಕೈನೇಸ್. ಆದರೆ 1990ರ ದಶಕದಲ್ಲಿ ಪಾರ್ಶ್ವವಾಯುವಿಗೆ ಅದನ್ನು ಕೊಟ್ಟು ನೋಡಿದಾಗ ಮಿದುಳಿನಲ್ಲಿ ರಕ್ತ ಸ್ರವಿಸಿ ಸಾವುಗಳು ಹೆಚ್ಚಿದುದರಿಂದ ಪರೀಕ್ಷೆಗಳನ್ನು ನಡುವೆಯೇ ನಿಲ್ಲಿಸಬೇಕಾಯಿತು. ಗೆದ್ದುದು ಆಲ್ಟೆಪ್ಲೇಸ್. 1995ರಲ್ಲಿ ಅಮೆರಿಕದಲ್ಲಿ 624 ರೋಗಿಗಳ ಪರೀಕ್ಷೆಯ ಫಲ ಪ್ರಕಟವಾಯಿತು: ಮೂರು ಗಂಟೆಗಳೊಳಗೆ ಕೊಟ್ಟರೆ ಅಂಗವೈಕಲ್ಯವಿಲ್ಲದೆ ಚೇತರಿಸಿಕೊಳ್ಳುವ ಸಂಭವ ಹೆಚ್ಚು. ಅಲ್ಲಿಯೂ ಮದ್ದು ಪಡೆದವರಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ ಮಿದುಳಿನ ರಕ್ತಸ್ರಾವವಾಯಿತು. 2008ರಲ್ಲಿ ಅವಧಿ ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ರೋಗವು ರಕ್ತಸ್ರಾವದಿಂದ ಬಂದುದಲ್ಲವೆಂದು ಸಿ.ಟಿ. ಚಿತ್ರದಿಂದ ತಿಳಿಯುವ ಮುನ್ನ ಇದನ್ನು ಕೊಡುವಂತಿಲ್ಲ. ಮಿದುಳಿನ ಕೋಶಗಳನ್ನೇ ಕಾಯುವೆವೆಂದು ಬಂದ ಮದ್ದುಗಳಾದರೋ ಪ್ರಯೋಗಶಾಲೆಯಲ್ಲಿ ಗೆದ್ದು ರೋಗಿಗಳಲ್ಲಿ ಬಹುಮಟ್ಟಿಗೆ ಸೋತುವು.

ಆಲ್ಟೆಪ್ಲೇಸನ್ನು ಒಂದು ಗಂಟೆಯ ಕಾಲ ನರದೊಳಕ್ಕೆ ಹನಿಸಬೇಕು. ಟೆನೆಕ್ಟೆಪ್ಲೇಸನ್ನು ಒಂದೇ ಸೂಜಿಯಲ್ಲಿ ಕೊಡಬಹುದು. ಇದು ಅದಕ್ಕೆ ಕಡಿಮೆಯದಲ್ಲವೆಂದು 2022ರಲ್ಲಿ ಕೆನಡಾದ ಪರೀಕ್ಷೆ ತೋರಿಸಿತು. 2025ರಲ್ಲಿ ಅಮೆರಿಕ ಅನುಮತಿ ನೀಡಿತು. ನಗರದ ವೈದ್ಯರಿಗೆ ಇದು ಸಣ್ಣ ಅನುಕೂಲವಾಗಿ ಕಂಡೀತು. ನಮ್ಮ ಅಭಿಪ್ರಾಯದಲ್ಲಿ ಮಲೆನಾಡಿಗೆ ಇದೇ ಮುಖ್ಯ: ಸಿ.ಟಿ. ಯಂತ್ರವಿರುವ ಹತ್ತಿರದ ಆಸ್ಪತ್ರೆಯಲ್ಲಿ ಸೂಜಿ ಕೊಟ್ಟು ಕೂಡಲೇ ಶಿವಮೊಗ್ಗೆಗೋ ಮಣಿಪಾಲಕ್ಕೋ ಸಾಗಿಸಬಹುದು.

ಸಾಗರದಿಂದ ಶಿವಮೊಗ್ಗೆ ಸುಮಾರು 70 ಕಿ.ಮೀ., ತೀರ್ಥಹಳ್ಳಿಯಿಂದ ಸುಮಾರು 60. ಭೂಪಟದಲ್ಲಿ ಇದು ಹೆಚ್ಚಲ್ಲ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಾಗಿ ಶರಾವತಿಯ ಹಿನ್ನೀರು ನಿಂತಮೇಲೆ ತುಮರಿಯ ಕಡೆಯ ಊರುಗಳಿಗೆ ಸಾಗರದ ದಾರಿಯೇ ಮುಳುಗಿತು. ನಾಡಿಗೆ ವಿದ್ಯುತ್ತನ್ನಿತ್ತ ನೀರೇ ಅವರಿಗೆ ಅಡ್ಡವಾಯಿತು. ಹೊಳೆಬಾಗಿಲಿನ ಲಾಂಚು ರಾತ್ರಿ ಓಡುತ್ತಿರಲಿಲ್ಲ. ಕತ್ತಲಾದ ಮೇಲೆ ಕೈಕಾಲು ಬಿದ್ದವನನ್ನು ಹೊಸನಗರದ ಕಡೆಯಿಂದ ಸುತ್ತಿ ತರಬೇಕಿತ್ತು, ಇಲ್ಲವೆ ಬೆಳಗಾಗುವುದನ್ನು ಕಾಯಬೇಕಿತ್ತು. ನಾಲ್ಕೂವರೆ ಗಂಟೆಯ ಲೆಕ್ಕ ಅಲ್ಲಿಗೇ ಮುಗಿಯುತ್ತಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಅದರ ಉದ್ದ ಎರಡು ಕಿಲೋಮೀಟರಿಗೂ ಮಿಕ್ಕಿದುದು.

ಲಾಂಚಿನ ಕಾಲವನ್ನು ಕಂಡವರು ಇನ್ನೂ ಇದ್ದಾರೆ. ಯಾವ ಊರಿನಿಂದ ರೋಗಿಯನ್ನು ಯಾವ ದಾರಿಯಲ್ಲಿ ಎಷ್ಟು ಹೊತ್ತಿನಲ್ಲಿ ತಂದರೆಂಬುದನ್ನು ಆ ಮೂರು ತಾಲ್ಲೂಕುಗಳ ಕಾಲೇಜು ವಿದ್ಯಾರ್ಥಿಗಳು ಈಗಲೇ ಕೇಳಿ ಬರೆದಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.