ಕೆಲಸದಲ್ಲಿ ಪೆಟ್ಟಾದರೆ ನೋವಿನ ಮಾತ್ರೆ, ಡಾಕ್ಟರ್ ಚೀಟಿ, ಡ್ರಗ್ ಟೆಸ್ಟ್: ಕಾನೂನು ಏನು ಹೇಳುತ್ತೆ?

ಸೆಂಟ್ರಿಂಗ್ ಹಲಗೆಯಿಂದ ಜಾರಿ ಸೊಂಟಕ್ಕೆ ಪೆಟ್ಟು ಮಾಡಿಕೊಂಡವರು, ಗಿರಣಿಯಲ್ಲಿ ಮೂಟೆ ಹೊತ್ತು ಬೆನ್ನು ಹಿಡಿದ ಹಮಾಲರು, ವರ್ಕ್‌ಶಾಪಿನಲ್ಲಿ ಬೆರಳು ಜಜ್ಜಿಕೊಂಡ ಹುಡುಗರು. ಇವರಲ್ಲಿ ಬಹಳ ಜನ ಮೊದಲು ಹೋಗೋದು ಆಸ್ಪತ್ರೆಗಲ್ಲ, ಬಸ್ ಸ್ಟ್ಯಾಂಡ್ ಪಕ್ಕದ ಮೆಡಿಕಲ್ ಶಾಪಿಗೆ. ‘ನೋವಿಗೆ ಸ್ವಲ್ಪ ಸ್ಟ್ರಾಂಗ್ ಇರೋದು ಕೊಡಿ ಸಾರ್’ ಅಂದರೆ ಸ್ಟ್ರಿಪ್‌ನಿಂದ ನಾಲ್ಕು ಮಾತ್ರೆ ಕತ್ತರಿಸಿ ಕಾಗದದಲ್ಲಿ ಸುತ್ತಿ ಕೊಡ್ತಾರೆ. ಚೀಟಿ ಇಲ್ಲ, ಬಿಲ್ಲೂ ಇಲ್ಲ. ಮಾರನೇ ದಿನ ಮತ್ತೆ ಕೆಲಸಕ್ಕೆ.

ತೊಂದರೆ ಗೊತ್ತಾಗೋದು ಆಮೇಲೆ. ನೋವು ಕಡಿಮೆ ಆಗದೆ ಪರಿಹಾರ ಕೇಳೋಕೆ ಹೋದಾಗ ಮಾಲೀಕರು ‘ಅವನು ನಶೆಯಲ್ಲಿದ್ದ’ ಅಂದರೆ ಕಾರ್ಮಿಕನ ಕೈಯಲ್ಲಿ ಒಂದು ತುಂಡು ಕಾಗದವೂ ಇರಲ್ಲ. ಇತ್ತ ತಪಾಸಣೆಗೆ ಬಂದ ಡ್ರಗ್ ಇನ್ಸ್‌ಪೆಕ್ಟರ್ ರಿಜಿಸ್ಟರ್ ಕೇಳಿದರೆ ಅಂಗಡಿಯವರ ಹತ್ತಿರವೂ ತೋರಿಸೋಕೆ ಏನೂ ಇರಲ್ಲ. ಒಂದೇ ಚೀಟಿ ಇಬ್ಬರನ್ನೂ ಕಾಯುತ್ತೆ ಅನ್ನೋದು ನಮ್ಮ ಕಡೆ ಇನ್ನೂ ಸರಿಯಾಗಿ ಅರ್ಥ ಆಗಿಲ್ಲ.

ಯಾವ ಮಾತ್ರೆ ಯಾವ ಪಟ್ಟಿಯಲ್ಲಿ?

ನೋವಿನ ಮಾತ್ರೆ ಎಲ್ಲ ಒಂದೇ ಅಲ್ಲ. ಪ್ಯಾರಾಸಿಟಮಾಲ್ ಒಂದು ಬಗೆ. ಡೈಕ್ಲೋಫೆನಾಕ್, ನಿಮೆಸುಲೈಡ್ ತರಹದ್ದು ಊತ ಇಳಿಸುವ ಇನ್ನೊಂದು ಬಗೆ. ಇವೆರಡೂ 1945ರ ಔಷಧ ನಿಯಮಗಳ ‘ಶೆಡ್ಯೂಲ್ ಎಚ್’ ಪಟ್ಟಿಯಲ್ಲಿವೆ, ಅಂದರೆ ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಮೂರನೇ ಬಗೆ ಅಫೀಮಿನ ಗುಣ ಇರುವಂಥದ್ದು: ಟ್ರಮಡಾಲ್, ಟ್ಯಾಪೆಂಟಡಾಲ್, ಪೆಂಟಾಜೋಸಿನ್, ಕೋಡೀನ್. ನೋವನ್ನ ಚೆನ್ನಾಗಿ ಅಡಗಿಸುತ್ತವೆ. ತಲೆ ಹಗುರ ಮಾಡುತ್ತವೆ, ಚಟವನ್ನೂ ಹಚ್ಚುತ್ತವೆ.

ಟ್ರಮಡಾಲ್, ಪೆಂಟಾಜೋಸಿನ್, ಕೋಡೀನ್ ಇನ್ನೂ ಬಿಗಿಯಾದ ‘ಶೆಡ್ಯೂಲ್ ಎಚ್1’ ಪಟ್ಟಿಯಲ್ಲಿವೆ. ಈ ಪಟ್ಟಿ 2014ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಡಬ್ಬಿ ಮೇಲೆ ಕೆಂಪು ಅಂಚಿನ ಚೌಕದಲ್ಲಿ ಎಚ್ಚರಿಕೆ ಅಚ್ಚಾಗಿರುತ್ತೆ, ನೋಡಿದರೆ ಗೊತ್ತಾಗುತ್ತೆ. ಇದನ್ನ ಮಾರಿದ ಕೂಡಲೇ ಅಂಗಡಿಯವರು ಬೇರೆಯದೇ ರಿಜಿಸ್ಟರಿನಲ್ಲಿ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು, ಎಷ್ಟು ಕೊಟ್ಟಿದ್ದು ಅಂತ ಬರೆಯಬೇಕು. ಆ ಪುಸ್ತಕವನ್ನ ಮೂರು ವರ್ಷ ಇಟ್ಟುಕೊಂಡಿರಬೇಕು. ಟ್ರಮಡಾಲ್ ಅಂತೂ 2018ರ ಏಪ್ರಿಲ್‌ನಿಂದ ಮಾದಕ ವಸ್ತು ತಡೆ ಕಾಯ್ದೆಯ ಪಟ್ಟಿಗೂ ಸೇರಿದೆ. ಲೆಕ್ಕ ತಪ್ಪಿದರೆ ಅದು ಬರೀ ಲೈಸೆನ್ಸ್ ವಿಷಯವಾಗಿ ಉಳಿಯಲ್ಲ, ಪೊಲೀಸ್ ಕೇಸೂ ಆಗಬಹುದು.

ಟ್ಯಾಪೆಂಟಡಾಲ್ ಬಗ್ಗೆ ಒಂದು ಮಾತು. 2025ರ ಫೆಬ್ರವರಿಯಲ್ಲಿ, ಟ್ಯಾಪೆಂಟಡಾಲ್ ಜೊತೆ ಕ್ಯಾರಿಸೊಪ್ರೊಡಾಲ್ ಬೆರೆಸಿದ ಭಾರತದ ಮಾತ್ರೆಗಳು ಪಶ್ಚಿಮ ಆಫ್ರಿಕಾದಲ್ಲಿ ಯುವಕರ ನಶೆಯಾಗಿವೆ ಅಂತ ಬಿಬಿಸಿ ವರದಿ ಮಾಡಿತು. ಆಮೇಲೆ ಕೇಂದ್ರ ಆ ಮಿಶ್ರಣದ ತಯಾರಿಕೆ, ರಫ್ತಿನ ಅನುಮತಿ ವಾಪಸ್ ಪಡೆಯಿತು. ನಾವು ‘ಬರೀ ನೋವಿನ ಮಾತ್ರೆ ತಾನೇ’ ಅನ್ನೋದು ಇಂಥದ್ದನ್ನೇ.

ಚೀಟಿಯಲ್ಲಿ ಏನಿರಬೇಕು

ವೈದ್ಯರ ಸಹಿ, ತಾರೀಖು, ರೋಗಿಯ ಹೆಸರು ಮತ್ತು ವಿಳಾಸ, ಒಟ್ಟು ಎಷ್ಟು ಮಾತ್ರೆ, ದಿನಕ್ಕೆ ಎಷ್ಟು ಸಲ. ಇಷ್ಟಿದ್ದರೆ ಮಾತ್ರ ಅದು ಚೀಟಿ. ವಾಟ್ಸಾಪಿನಲ್ಲಿ ಬಂದ ಮಾತ್ರೆ ಫೋಟೋ ಚೀಟಿ ಅಲ್ಲ, ಹಳೇ ಸ್ಟ್ರಿಪ್ ತೋರಿಸಿ ‘ಇದೇ ಕೊಡಿ’ ಅನ್ನೋದೂ ಚೀಟಿ ಅಲ್ಲ. ಮತ್ತೆ ಕೊಡಬಹುದು ಅಂತ ವೈದ್ಯರು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಕೊಡಬೇಕು. ಕೊಟ್ಟ ಮೇಲೆ ಅಂಗಡಿಯ ಹೆಸರು, ತಾರೀಖು ಚೀಟಿ ಮೇಲೆ ಬರೆಯಬೇಕು. ಈ ಕೊನೆಯ ನಿಯಮ ಪಾಲಿಸೋದು ನಾನು ನೋಡಿದ್ದು ಕಮ್ಮಿ, ಆದರೆ ಕಾರ್ಮಿಕನಿಗೆ ಮುಂದೆ ಹೆಚ್ಚು ಉಪಯೋಗಕ್ಕೆ ಬರೋದು ಅದೇ ಮುದ್ರೆ.

ಇನ್ನು ಕಿರಾಣಿ ಅಂಗಡಿಯವರ ವಿಷಯ. ಬೀಡಿ, ಬೆಂಕಿಪೊಟ್ಟಣದ ಪಕ್ಕ ನೋವಿನ ಮಾತ್ರೆ ಸ್ಟ್ರಿಪ್ ನೇತಾಡೋದು ಹಳ್ಳಿಗಳಲ್ಲಿ ಹೊಸದಲ್ಲ. ಕಾನೂನಿನಲ್ಲಿ ಇದಕ್ಕೆ ಇರುವ ರಿಯಾಯಿತಿ ಬಹಳ ಸಣ್ಣದು. ಜನಸಂಖ್ಯೆ 1000 ಮೀರದ ಹಳ್ಳಿಯಲ್ಲಿ ಪ್ಯಾರಾಸಿಟಮಾಲ್, ಆಸ್ಪಿರಿನ್, ನೋವಿನ ಬಾಮ್ ತರಹದ ಕೆಲವೇ ಮನೆಮದ್ದುಗಳನ್ನ, ಒಡೆಯದ ಪ್ಯಾಕಿನಲ್ಲಿ, ಲೈಸೆನ್ಸ್ ಇರುವವರಿಂದ ಖರೀದಿಸಿ ಮಾರಬಹುದು. ಡೈಕ್ಲೋಫೆನಾಕ್ ಆ ರಿಯಾಯಿತಿಗೆ ಬರಲ್ಲ. ಹೋಬಳಿ ಕೇಂದ್ರ, ತಾಲ್ಲೂಕು ಪಟ್ಟಣದ ಅಂಗಡಿಗೆ ಆ ರಿಯಾಯಿತಿಯೇ ಇಲ್ಲ. ಲೈಸೆನ್ಸ್ ಇಲ್ಲದೆ ಔಷಧ ಮಾರಿದರೆ ಕನಿಷ್ಠ 3 ವರ್ಷ ಜೈಲು, ಕನಿಷ್ಠ 1 ಲಕ್ಷ ರೂಪಾಯಿ ದಂಡ. ಒಂದು ಸ್ಟ್ರಿಪ್‌ನಲ್ಲಿ ಸಿಗುವ ಲಾಭ ನಿಮಗೇ ಗೊತ್ತು.

ಸ್ಟ್ರಾಂಗ್ ಮಾತ್ರೆ ದೇಹಕ್ಕೆ ಏನು ಮಾಡುತ್ತೆ

ಬಿಸಿಲಲ್ಲಿ ಬೆವರು ಸುರಿಸಿ, ನೀರು ಸರಿಯಾಗಿ ಕುಡಿಯದೆ, ಖಾಲಿ ಹೊಟ್ಟೆಯಲ್ಲಿ ಡೈಕ್ಲೋಫೆನಾಕ್ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು ಆಗಬಹುದು, ಕಿಡ್ನಿಗೂ ಪೆಟ್ಟು. ಬಿಪಿ ಮಾತ್ರೆ ತಗೊಳ್ಳೋರಿಗೆ ಅಪಾಯ ಇನ್ನೂ ಜಾಸ್ತಿ. ಮಲ ಟಾರಿನ ಹಾಗೆ ಕಪ್ಪಾದರೆ, ಮೂತ್ರ ಕಡಿಮೆಯಾದರೆ, ಕಾಲು ಮುಖ ಊದಿದರೆ ಮಾತ್ರೆ ನಿಲ್ಲಿಸಿ ನೇರ ಆಸ್ಪತ್ರೆಗೆ ಹೋಗಿ. ಪ್ಯಾರಾಸಿಟಮಾಲ್ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೀರಬಾರದು. 650ರ ಮಾತ್ರೆ ಆರಾದರೆ ಅಲ್ಲಿಗೇ ಮಿತಿ ಬಂತು. ನೆಗಡಿ ಮಾತ್ರೆಯಲ್ಲೂ, ‘ಕಾಂಬಿನೇಷನ್’ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತೆ ಅನ್ನೋದು ಲೆಕ್ಕದಲ್ಲಿ ಇರಲಿ.

ಟ್ರಮಡಾಲ್ ಬೇರೆ ತರಹ. ತಲೆಸುತ್ತು, ಮಂಪರು, ವಾಂತಿ, ಮಲಬದ್ಧತೆ, ಡೋಸ್ ಹೆಚ್ಚಾದರೆ ಫಿಟ್ಸ್. ಸಾರಾಯಿ ಜೊತೆ ಸೇರಿದರೆ ಉಸಿರೇ ನಿಧಾನವಾಗಬಹುದು. ಇದರಲ್ಲಿ ಒಂದು ಮೋಸ ಇದೆ. ವಾರಗಟ್ಟಲೆ ತಗೊಂಡು ಒಮ್ಮೆಲೇ ಬಿಟ್ಟರೆ ಮೈಕೈ ನೋವು, ಬೆವರು, ನಿದ್ದೆ ಇಲ್ಲದಿರೋದು ಶುರುವಾಗುತ್ತೆ. ಕಾರ್ಮಿಕ ಅದನ್ನ ‘ಹಳೇ ಪೆಟ್ಟಿನ ನೋವು ವಾಪಸ್ ಬಂತು’ ಅಂದುಕೊಂಡು ಮತ್ತೆ ಅದೇ ಅಂಗಡಿಗೆ ಹೋಗ್ತಾನೆ. ಪೆಟ್ಟು ವಾಸಿಯಾಗಿ ತಿಂಗಳಾದರೂ ಮಾತ್ರೆ ನಿಲ್ಲಲ್ಲ. ಇಂಥವರು ತಾವಾಗಿಯೇ ಬಿಡೋಕೆ ಹೋಗದೆ ವೈದ್ಯರ ಹತ್ತಿರ ಹೇಳಿ ಸ್ವಲ್ಪ ಸ್ವಲ್ಪವಾಗಿ ಇಳಿಸಿಕೊಳ್ಳಬೇಕು. ಫೋನಿನಲ್ಲೇ ಕೇಳಬೇಕು ಅಂದರೆ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಎರಡೂ ಉಚಿತ.

‘ನಶೆಯಲ್ಲಿದ್ದ’ ಅಂದರೆ ಪರಿಹಾರ ಹೋಯ್ತಾ?

ನಮಗೆ ಹೆಚ್ಚು ಫೋನ್ ಬರೋದು ಇದರ ಬಗ್ಗೆಯೇ. ಕೆಲಸದಲ್ಲಿ ಗಾಯವಾದರೆ ಮಾಲೀಕರು ಪರಿಹಾರ ಕೊಡಬೇಕು ಅನ್ನೋದು 1923ರಿಂದ ಇರುವ ಕಾನೂನು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದ್ದು, ಹಳೇ ಕಾಯ್ದೆಯ ಈ ಭಾಗ ಹೆಚ್ಚುಕಮ್ಮಿ ಹಾಗೇ ಅದರೊಳಗೆ ಬಂದಿದೆ. ಅದರಲ್ಲಿ ಒಂದು ವಿನಾಯಿತಿ ಇದೆ: ಕಾರ್ಮಿಕ ಆ ಹೊತ್ತಿನಲ್ಲಿ ಕುಡಿತ ಅಥವಾ ಡ್ರಗ್ಸ್‌ನ ಅಮಲಿನಲ್ಲಿದ್ದು, ಅಪಘಾತ ನೇರವಾಗಿ ಅದರಿಂದಲೇ ಆಗಿದ್ದರೆ ಮಾಲೀಕರು ಹೊಣೆಯಲ್ಲ.

ಈ ಸಾಲನ್ನ ನಿಧಾನವಾಗಿ ಓದಬೇಕು. ‘ಆ ಹೊತ್ತಿನಲ್ಲಿ’ ಅಂದಿದೆ. ಹಿಂದಿನ ದಿನ ಕುಡಿದಿದ್ದ, ವಾರದ ಹಿಂದೆ ಮಾತ್ರೆ ನುಂಗಿದ್ದ ಅಂದರೆ ಸಾಲದು. ‘ನೇರವಾಗಿ’ ಅಂತಲೂ ಇದೆ. ಮೇಲಿನ ಮಹಡಿಯಿಂದ ಇಟ್ಟಿಗೆ ತಲೆ ಮೇಲೆ ಬಿದ್ದರೆ, ಕೆಳಗಿದ್ದವನು ಏನು ಕುಡಿದಿದ್ದ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಸಾಬೀತು ಮಾಡಬೇಕಾದವರು ಮಾಲೀಕರು, ‘ವಾಸನೆ ಬರ್ತಿತ್ತು’ ಅಂದಷ್ಟಕ್ಕೇ ಆಗಲ್ಲ. ಎಲ್ಲಕ್ಕಿಂತ ಮುಖ್ಯ, ಸಾವು ಅಥವಾ ಶಾಶ್ವತ ಪೂರ್ಣ ಅಂಗವಿಕಲತೆ ಆಗಿದ್ದರೆ ಈ ವಿನಾಯಿತಿ ಅನ್ವಯಿಸೋದೇ ಇಲ್ಲ. ‘ಕುಡಿದಿದ್ದ, ಏನೂ ಸಿಗಲ್ಲ ಬಿಡಿ’ ಅಂತ ಹೇಳಿಸಿಕೊಂಡು ಅಂತ್ಯಕ್ರಿಯೆ ಮುಗಿಸಿ ಸುಮ್ಮನಾದ ಕುಟುಂಬಗಳು ಇದನ್ನ ಓದಲಿ.

ಆದರೆ ಒಂದು ತೊಡಕೂ ಇದೆ. ಕಾನೂನಿನಲ್ಲಿ ‘ಡ್ರಗ್ಸ್’ ಅಂತ ಮಾತ್ರ ಇದೆ, ಡಾಕ್ಟರ್ ಬರೆದುಕೊಟ್ಟಿದ್ದೋ ಕದ್ದು ತಗೊಂಡಿದ್ದೋ ಅಂತ ಬಿಡಿಸಿ ಹೇಳಿಲ್ಲ. ಟ್ರಮಡಾಲ್ ನುಂಗಿ ಮಂಪರಿನಲ್ಲೇ ಸಾರ್ವೆ ಹತ್ತಿ ಬಿದ್ದರೆ ವಾದ ಮಾಡೋಕೆ ಜಾಗ ಕೊಟ್ಟ ಹಾಗೆ. ಅದಕ್ಕೇ ಮಾತ್ರೆ ಬರೆಸಿಕೊಳ್ಳುವಾಗ ‘ಎಷ್ಟು ದಿನ ರೆಸ್ಟ್’ ಅಂತ ಕೂಡ ಬರೆಸಿಕೊಳ್ಳಿ. ‘ಕೆಲಸಕ್ಕೆ ಬಂದೇ ಬಾ’ ಅಂತ ಮಾಲೀಕರು ಕರೆದರೆ ಆ ಕಾಗದ ತೋರಿಸಬಹುದು.

ಮೂತ್ರ ಪರೀಕ್ಷೆ ಏನು ಹೇಳುತ್ತೆ, ಏನು ಹೇಳಲ್ಲ

ಸಾಮಾನ್ಯ ಕಾರ್ಖಾನೆ, ಕಟ್ಟಡ ಕೆಲಸದಲ್ಲಿ ಅಪಘಾತ ಆದ ಕೂಡಲೇ ಡ್ರಗ್ ಟೆಸ್ಟ್ ಮಾಡಿಸಲೇಬೇಕು ಅನ್ನೋ ಕಾನೂನು ನಮ್ಮಲ್ಲಿಲ್ಲ. ವಿಮಾನಯಾನದಲ್ಲಿದೆ, 2022ರ ಜನವರಿ ಕೊನೆಯಿಂದ ಪೈಲಟ್‌ಗಳು, ವಾಯು ಸಂಚಾರ ನಿಯಂತ್ರಕರಿಗೆ ರ‍್ಯಾಂಡಮ್ ಪರೀಕ್ಷೆ ನಡೆಯುತ್ತೆ. ಲಾರಿ, ಟೆಂಪೋ ಓಡಿಸುವವರಿಗೆ ಮೋಟಾರು ವಾಹನ ಕಾಯ್ದೆ ಅನ್ವಯ. ಮದ್ಯಕ್ಕೆ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮಿತಿ. ಡ್ರಗ್‌ಗೆ ಅಂಕಿ ಇಲ್ಲ, ವಾಹನ ಹಿಡಿತದಲ್ಲಿ ಇಟ್ಟುಕೊಳ್ಳೋಕೆ ಆಗದಷ್ಟು ಪ್ರಭಾವ ಇದ್ದರೆ ಅಪರಾಧ. ನೋವಿನ ಮಾತ್ರೆ ತಗೊಂಡ ಡ್ರೈವರ್ ಅಣ್ಣಂದಿರೂ ಇದರೊಳಗೇ ಬರ್ತಾರೆ.

ಇನ್ನು ಪರೀಕ್ಷೆ. ಕಿಟ್‌ನಲ್ಲಿ ಮಾಡುವ ಮೂತ್ರ ಪರೀಕ್ಷೆ, ವಸ್ತು ದೇಹದೊಳಗೆ ಬಂದಿತ್ತು ಅಂತ ಹೇಳುತ್ತೆ, ಅಷ್ಟೇ. ಬಿದ್ದ ಗಳಿಗೆಯಲ್ಲಿ ಅಮಲು ಇತ್ತಾ ಅಂತ ಹೇಳಲ್ಲ. ಗಾಂಜಾ ದಿನಾ ಸೇದುವವರಲ್ಲಿ ವಾರಗಟ್ಟಲೆ ಕಾಣಿಸಬಹುದು. ಕೋಡೀನ್ ಇರುವ ಕೆಮ್ಮಿನ ಸಿರಪ್ ಕುಡಿದವರಲ್ಲೂ ಅಫೀಮಿನ ಕಿಟ್ ಪಾಸಿಟಿವ್ ಬರಬಹುದು. ಟ್ರಮಡಾಲ್ ಮಾತ್ರ ಆ ಮಾಮೂಲಿ ಕಿಟ್‌ನಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳಲ್ಲ, ಅದಕ್ಕೆ ಬೇರೆ ಕಿಟ್ ಬೇಕು. ಹಾಗಾಗಿ ಪಾಸಿಟಿವ್ ಬಂದರೆ ಲ್ಯಾಬ್‌ನಲ್ಲಿ ದೃಢೀಕರಣ ಪರೀಕ್ಷೆ ಆಗದೆ ಯಾರೂ ತೀರ್ಮಾನಕ್ಕೆ ಬರಬಾರದು.

ಇನ್ನೊಂದು ಸಣ್ಣ ವಿಷಯ, ಕೇಸಿನಲ್ಲಿ ದೊಡ್ಡದಾಗುತ್ತೆ. ಮೂಳೆ ಮುರಿದು ಬಂದವರಿಗೆ ಎಮರ್ಜೆನ್ಸಿಯಲ್ಲೇ ಟ್ರಮಡಾಲ್ ಇಂಜೆಕ್ಷನ್ ಕೊಡೋದು ಮಾಮೂಲಿ. ಅದಾದ ಮೇಲೆ ಮೂತ್ರ ತೆಗೆದರೆ ಆಸ್ಪತ್ರೆಯೇ ಕೊಟ್ಟ ಔಷಧ ಸಿಗುತ್ತೆ! ಸ್ಯಾಂಪಲ್ ತೆಗೆದ ಸಮಯ, ಇಂಜೆಕ್ಷನ್ ಕೊಟ್ಟ ಸಮಯ ಎರಡೂ ದಾಖಲೆಯಲ್ಲಿ ಇವೆಯಾ ನೋಡಿಕೊಳ್ಳಿ. ಡಿಸ್ಚಾರ್ಜ್ ಸಮ್ಮರಿ, ಔಷಧದ ಬಿಲ್, ಚೀಟಿ ಎಲ್ಲದರ ಫೋಟೋ ಮೊಬೈಲಿನಲ್ಲಿ ಇರಲಿ.

ಗಾಯದ ಬಗ್ಗೆ ಮಾಲೀಕರಿಗೆ ತಿಳಿಸಿದ ಮೂರು ದಿನದೊಳಗೆ ಅವರು ತಮ್ಮ ಖರ್ಚಿನಲ್ಲಿ ವೈದ್ಯಕೀಯ ತಪಾಸಣೆಗೆ ಕರೆದರೆ ಹೋಗಬೇಕು. ಕಾರಣವಿಲ್ಲದೆ ನಿರಾಕರಿಸಿದರೆ ಪರಿಹಾರದ ಹಕ್ಕು ಅಷ್ಟು ದಿನ ತಡೆಹಿಡಿಯಲ್ಪಡುತ್ತೆ. ಹೋಗಿ, ಆದರೆ ನಿಮ್ಮ ಚೀಟಿಗಳ ಜೊತೆ ಹೋಗಿ.

ಎಲ್ಲಿಗೆ ಹೋಗಬೇಕು

ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇದ್ದು, 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಇದ್ದರೆ ಇಎಸ್‌ಐ ಕಾರ್ಡ್ ಆಗಿರಬೇಕು. ಕೆಲಸದ ಗಾಯಕ್ಕೆ ಅಲ್ಲಿ ಸರಾಸರಿ ದಿನಗೂಲಿಯ ಶೇ. 90ರಷ್ಟು ಸಿಗುತ್ತೆ, ಔಷಧವೂ ದಾಖಲೆ ಸಮೇತ ಅಲ್ಲೇ. ಕಾರ್ಡ್ ಇಲ್ಲದವರು ಪರಿಹಾರದ ಅರ್ಜಿಯನ್ನ ಅಪಘಾತವಾದ ಎರಡು ವರ್ಷದೊಳಗೆ ಹಾಕಬೇಕು. ಚಿಕಿತ್ಸೆಗೆ ಆದ ನಿಜವಾದ ಖರ್ಚನ್ನೂ ಕೇಳಬಹುದು, ಬಿಲ್ ಇದ್ದರೆ. ಬಿಲ್ ಕೇಳೋಕೆ ನಾಚಿಕೆ ಬೇಡ, ಅಂಗಡಿಯವರೂ ಕೊಡೋಕೆ ಗೊಣಗಬೇಡಿ.

ಅರ್ಜಿ ಬರೆಸೋಕೆ ವಕೀಲರಿಗೆ ದುಡ್ಡು ಕೊಡೋಕೆ ಆಗದಿದ್ದರೆ ಕೋರ್ಟ್ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಹೋಗುವಾಗ ಹಾಜರಾತಿ ಅಥವಾ ಕೂಲಿ ಪಡೆದ ದಾಖಲೆ, ಆಸ್ಪತ್ರೆ ಕಾಗದ, ಮೆಡಿಕಲ್ ಶಾಪಿನ ಮುದ್ರೆ ಇರುವ ಚೀಟಿ, ಜೊತೆಗೆ ಕೆಲಸ ಮಾಡಿದ ಒಬ್ಬರ ಫೋನ್ ನಂಬರ್ ತಗೊಂಡು ಹೋಗಿ.