ಕಾಗಿಣಾ ತೀರದ ವಾದಶಾಸ್ತ್ರ: ಮಾತು, ತರ್ಕ ಮತ್ತು ಮನವೊಲಿಕೆಯ ಪದಗಳು

ಚರ್ಚಾಸ್ಪರ್ಧೆಗೆ ಸಿದ್ಧರಾಗುವ ವಿದ್ಯಾರ್ಥಿಗಳು ರಿಫ್ಯೂಟ್, ರಿಬಟ್, ಕನ್ಸೀಡ್, ಪರ್ಸ್ವೇಡ್ ಮೊದಲಾದ ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡುವುದು ಇಂದಿನ ರೂಢಿ. ಆದರೆ ಈ ಪದಗಳು ಸೂಚಿಸುವ ಸೂಕ್ಷ್ಮ ಭೇದಗಳನ್ನು ಶತಮಾನಗಳ ಹಿಂದೆಯೇ ಶಾಸ್ತ್ರವಾಗಿ ಬೆಳೆಸಿದ ನೆಲ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದ್ ಸೀಮೆ.

ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯನು ಒಂಬತ್ತನೆಯ ಶತಮಾನದಲ್ಲಿ ರಚಿಸಿದ ‘ಕವಿರಾಜಮಾರ್ಗ’ವು ಮಾತಿನ ಗುಣದೋಷಗಳನ್ನು ವಿವೇಚಿಸುವ ಗ್ರಂಥ. ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಹದವರಿಯದೆ ಬೆರೆಸಿ ಸಮಾಸ ಮಾಡುವುದನ್ನು ಅದು ದೋಷವೆಂದು ಎಣಿಸುತ್ತದೆ. ಇಂಗ್ಲಿಷನ್ನು ಬೆರೆಸಿ ಭಾಷಣ ಮಾಡುವವರಿಗೂ ಈ ಎಚ್ಚರ ಸಲ್ಲಬಹುದು.

ಚಿತ್ತಾಪುರದ ಅಂಚಿನಲ್ಲಿರುವ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. ಅಲ್ಲಿನ 1058ರ ಶಾಸನದ ಪ್ರಕಾರ ವೇದಕ್ಕೆ ಮೂವರು, ಶಾಸ್ತ್ರಗಳಿಗೆ ಮೂವರು ಉಪಾಧ್ಯಾಯರು ಹಾಗೂ ಗ್ರಂಥಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಕರು ಇದ್ದರು. ಶಾಸ್ತ್ರದ ವಿಷಯಗಳಲ್ಲಿ ಭಾಟ್ಟ ಮತ್ತು ಪ್ರಾಭಾಕರ ದರ್ಶನಗಳೆರಡೂ ಸೇರಿದ್ದವು. ಇವು ಪರಸ್ಪರ ಖಂಡಿಸುವ ಎರಡು ಮೀಮಾಂಸಾ ಪಂಥಗಳು. ಎದುರಾಳಿಯ ಪಕ್ಷವನ್ನೂ ಅದೇ ಶಾಲೆಯಲ್ಲಿ ಕಲಿಸುತ್ತಿದ್ದರೆಂಬುದು ಗಮನಾರ್ಹ. ಪೂರ್ವಪಕ್ಷವನ್ನು ನ್ಯಾಯವಾಗಿ ಮಂಡಿಸದೆ ಸಿದ್ಧಾಂತಕ್ಕೆ ಹೋಗುವಂತಿರಲಿಲ್ಲ.

ಇಲ್ಲಿ ಒಂದು ಮಾತು. ‘ಖಂಡನೆ’ ಎಂದರೆ ಶಾಸ್ತ್ರದಲ್ಲಿ ಎದುರುವಾದ ನಿಲ್ಲದೆಂದು ತೋರಿಸುವುದು, ಅಂದರೆ ರಿಫ್ಯೂಟ್. ಪತ್ರಿಕೆಗಳ ‘ತೀವ್ರವಾಗಿ ಖಂಡಿಸಿದರು’ ಎಂಬುದರಲ್ಲಿ ಉಳಿದಿರುವುದು ಬರೀ ಆಕ್ರೋಶ. ಹಾಗೆಯೇ ಪುರಾವೆಯಿಂದ ಒಪ್ಪಿಸುವುದು ಮನಗಾಣಿಸುವಿಕೆ, ಭಾವ ಮತ್ತು ನಯದಿಂದ ಒಪ್ಪಿಸುವುದು ಮನವೊಲಿಕೆ. ಕನ್ವಿನ್ಸ್, ಪರ್ಸ್ವೇಡ್ ಪದಗಳ ನಡುವಿನ ಅಂತರವೂ ಇಷ್ಟೇ.

ಮಳಖೇಡದೊಂದಿಗೆ ಹೆಸರು ಬೆಸೆದಿರುವ ಹದಿನಾಲ್ಕನೆಯ ಶತಮಾನದ ಜಯತೀರ್ಥರು ದ್ವೈತ ಪರಂಪರೆಯ ಟೀಕಾಚಾರ್ಯರು. ‘ನ್ಯಾಯಸುಧಾ’, ‘ಪ್ರಮಾಣಪದ್ಧತಿ’, ‘ವಾದಾವಲಿ’ ಅವರ ಕೃತಿಗಳು. ಮಧ್ವಾಚಾರ್ಯರ ‘ಕಥಾಲಕ್ಷಣ’ಕ್ಕೂ ಅವರು ಟೀಕೆ ಬರೆದರು. ಇಲ್ಲಿ ಕಥೆ ಎಂದರೆ ಶಾಸ್ತ್ರಚರ್ಚೆ. ನ್ಯಾಯಸೂತ್ರಗಳ ಪ್ರಕಾರ ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ, ಗೆಲುವಿಗಾಗಿ ನಡೆಯುವುದು ಜಲ್ಪ, ತನ್ನದೆಂಬ ಪಕ್ಷವನ್ನೇ ಸ್ಥಾಪಿಸದೆ ಎದುರಾಳಿಯದನ್ನು ಕೆಡವುವುದು ವಿತಂಡ. ಇಂದು ಹಟದ ಮಾತಿಗೆಲ್ಲ ವಿತಂಡವಾದ ಎನ್ನುತ್ತೇವೆ. ಹಟಮಾರಿಗೆ ಒಂದು ನಿಲುವಾದರೂ ಇರುತ್ತದೆ, ಶಾಸ್ತ್ರದ ವಿತಂಡಿಗೆ ಅದೂ ಇಲ್ಲ.

ಈ ಪದಗಳು ಜನರ ಬದುಕನ್ನು ನೇರವಾಗಿ ತಟ್ಟುವುದು ನ್ಯಾಯಾಲಯದಲ್ಲಿ. ಶಹಾಬಾದ್ ಸಮೀಪದ ಮರತೂರಿನ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ವ್ಯಾಜ್ಯಕ್ಕೆ ನಾಲ್ಕು ಪಾದಗಳನ್ನು ಹೇಳುತ್ತದೆ: ಭಾಷಾ, ಉತ್ತರ, ಕ್ರಿಯಾ, ಸಾಧ್ಯಸಿದ್ಧಿ. ಅಂದರೆ ದಾವೆ, ಎದುರುತ್ತರ, ಪುರಾವೆ, ನಿರ್ಣಯ.

ಉತ್ತರದಲ್ಲಿಯೂ ನಾಲ್ಕು ಬಗೆ. ಸಾಲದ ದಾವೆಯೊಂದನ್ನು ಊಹಿಸಿಕೊಳ್ಳೋಣ. ‘ಕೊಡಬೇಕಾದುದು ನಿಜ’ ಎಂದರೆ ಸಂಪ್ರತಿಪತ್ತಿ. ‘ಪಡೆದೇ ಇಲ್ಲ’ ಎಂದರೆ ಮಿಥ್ಯೋತ್ತರ. ‘ಪಡೆದಿದ್ದೆ, ತೀರಿಸಿದ್ದೇನೆ’ ಎಂದರೆ ಕಾರಣೋತ್ತರ. ‘ಇದೇ ವಿಷಯ ಹಿಂದೆಯೇ ತೀರ್ಮಾನವಾಗಿದೆ’ ಎಂದರೆ ಪ್ರಾಙ್ನ್ಯಾಯ. ಕೊನೆಯದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೆಯ ಕಲಮಿನ ರೆಸ್ ಜುಡಿಕೇಟಾ. ಮಿಥ್ಯೋತ್ತರದಲ್ಲಿ ರುಜುವಾತಿನ ಹೊರೆ ವಾದಿಯ ಮೇಲಿದ್ದರೆ, ಕೊನೆಯ ಎರಡರಲ್ಲಿ ಅದು ಪ್ರತಿವಾದಿಯ ಹೆಗಲಿಗೆ ಬರುತ್ತದೆ. ‘ಪಡೆದಿದ್ದೆ’ ಎಂಬ ಒಂದು ಮಾತು ಹೊರೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಿಬಿಡುತ್ತದೆ. ತೀರಿಸಿದ ಹಣಕ್ಕೆ ಪಾವತಿ ಪಡೆಯದವನ ಪಾಡು ಆಗ ಕಠಿಣ.

1948ರವರೆಗಿನ ನಿಜಾಮರ ಆಳ್ವಿಕೆಯಲ್ಲಿ ಉರ್ದು ಆಡಳಿತಭಾಷೆಯಾಗಿದ್ದುದರಿಂದ ಚಿಂಚೋಳಿಯಿಂದ ವಾಡಿಯವರೆಗೆ ಕಚೇರಿಯ ಮಾತು ಬೇರೆಯೇ ಬಣ್ಣ ಪಡೆಯಿತು. ಸಂಪ್ರತಿಪತ್ತಿ ‘ಕಬೂಲ್’ ಆಯಿತು, ಮಿಥ್ಯೋತ್ತರ ‘ಇನ್ಕಾರ್’ ಆಯಿತು. ವಕೀಲ, ಫಿರ್ಯಾದಿ, ತಕರಾರು, ಜಾಮೀನು, ರಾಜಿ ಇವು ಹಳ್ಳಿಯ ಕಟ್ಟೆಯಲ್ಲಿಯೂ ಕನ್ನಡವೇ ಆಗಿವೆ. ಇಂಗ್ಲಿಷಿನ ಕ್ರಾಸ್ ಎಕ್ಸಾಮಿನೇಷನ್‌ಗೆ ‘ಪಾಟೀ ಸವಾಲು’ ಎಂಬ ಸೊಗಸಾದ ಹೆಸರಿದೆ.

ಲಿಖಿತ, ಭುಕ್ತಿ, ಸಾಕ್ಷಿ ಇವು ಮಿತಾಕ್ಷರೆ ವಿವರಿಸುವ ಮೂರು ಮಾನುಷ ಪ್ರಮಾಣಗಳು: ಪತ್ರ, ಅನುಭೋಗ, ಕಂಡವರ ಹೇಳಿಕೆ. ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಎಂಬ ಮಿತಾಕ್ಷರೆಯ ನಿಯಮವನ್ನು 2005ರ ತಿದ್ದುಪಡಿಯು ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ‘ಬಾಯಿಮಾತಿನಲ್ಲಿಯೇ ಪಾಲಾಗಿದೆ’ ಎಂದು ಅಣ್ಣತಮ್ಮಂದಿರು ಹೇಳುವ ಕಾರಣೋತ್ತರವನ್ನು ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಪರಿಶೀಲಿಸಿತು. ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪರೂಪದ ಸಂದರ್ಭಗಳನ್ನು ಬಿಟ್ಟರೆ ಅಂತಹ ವಾದವನ್ನು ಒಪ್ಪಲಾಗದೆಂದು ಅದು ತೀರ್ಪಿತ್ತಿದೆ. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ನಡೆದ ಪಾಲುಪಟ್ಟಿಗಳಿಗೆ ಮಾತ್ರ ಈ ತಿದ್ದುಪಡಿ ತಟ್ಟದು.